ಉದುರಿದ ಎಲೆಗಳಿಂದ ಮನೆಯಲ್ಲೇ ಯಾವ ಆಟ ಮಾಡಬಹುದು?

ಪ್ರಶ್ನೆ
ನಾವು ಮಿಷಿಗನ್‌ನಲ್ಲಿದ್ದೇವೆ. ಹಿತ್ತಲ ತುಂಬಾ ಮೇಪಲ್, ಓಕ್ ಎಲೆ ಬಿದ್ದಿವೆ. ನಮ್ಮ 5 ಮತ್ತು 8 ವರ್ಷದ ಮಕ್ಕಳು ದಿನಾ ಜೇಬು ತುಂಬ ಆರಿಸಿಕೊಂಡು ಬರುತ್ತಾರೆ. ಸುಮ್ನೆ ಎಲೆ ಅಂಟಿಸಿ ಚಿತ್ರ ಮಾಡಿದ್ದಾಯಿತು, ಹತ್ತು ನಿಮಿಷಕ್ಕೆ ಮುಗಿಯಿತು. ಇಬ್ಬರೂ ಕೂತು ಆಡುವಂಥದ್ದು ಏನಾದರೂ ಇದೆಯಾ?

ಉತ್ತರ 1
ಚೌಕಾಬಾರ ಮಾಡಿ! ರಟ್ಟಿನ ಡಬ್ಬಿ ಬಿಚ್ಚಿ, ಅದರ ಮೇಲೆ ಅಡ್ಡ 5, ಉದ್ದ 5, ಒಟ್ಟು 25 ಮನೆ ಬರೆಯಿರಿ. ಕವಡೆ ಬದಲು ಓಕ್ ಕಾಯಿಯ ನಾಲ್ಕು ಟೋಪಿ ಸಾಕು, ಎಷ್ಟು ಟೋಪಿ ಬಟ್ಟಲಿನ ಹಾಗೆ ಮೇಲ್ಮುಖವಾಗಿ ಬೀಳುತ್ತವೋ ಅಷ್ಟು ಮನೆ ನಡೆಸಬೇಕು, ನಾಲ್ಕೂ ಬೋರಲು ಬಿದ್ದರೆ 8. ಬಾಟಲಿ ಮುಚ್ಚಳಗಳಿಗೆ ಕೆಂಪು, ಹಳದಿ ಎಲೆ ಚೂರು ಅಂಟಿಸಿದರೆ ಕಾಯಿ ಸಿದ್ಧ, ಒಬ್ಬರಿಗೆ ನಾಲ್ಕು. ನಮ್ಮಜ್ಜಿ ಹುಣಸೆಬೀಜ ಕಲ್ಲಿಗೆ ತೇಯ್ದು ಒಂದು ಬದಿ ಬೆಳ್ಳಗೆ ಮಾಡಿ ಕವಡೆಯಂತೆ ಬಳಸುತ್ತಿದ್ದರು. ಇದೂ ಅದೇ ಉಪಾಯ ಅಲ್ವಾ?

ಉತ್ತರ 2
ಎಲೆ ಹಸಿಯಾಗಿ ಅಂಟಿಸಬೇಡಿ, ಮುರುಟಿಕೊಳ್ಳುತ್ತದೆ. ದಪ್ಪ ಪುಸ್ತಕದಲ್ಲಿ ಒಂದು ವಾರ ಒತ್ತಿಡಿ. ಓಕ್ ಕಾಯಿಗಳನ್ನು ಮೊದಲು ನೀರಿಗೆ ಹಾಕಿ, ತೇಲುವುದರಲ್ಲಿ ಹುಳು ಇರುವುದು ಜಾಸ್ತಿ. ನಾವು ಹಾಗೇ ಬಟ್ಟಲಲ್ಲಿ ಇಟ್ಟಿದ್ದೆವು, ಬೆಳಿಗ್ಗೆ ನೋಡಿದರೆ ದಪ್ಪ ಬಿಳಿ ಹುಳು ಮೇಜಿನ ಮೇಲೆ ಹರಿಯುತ್ತಿತ್ತು.

ಉತ್ತರ 3
ಚಿಕ್ಕವರಿಗೆ ಲೆಕ್ಕ ಕಷ್ಟವಾದರೆ ಜೋಡಿ ಎಲೆ ಹುಡುಕುವ ಆಟ ಆಡಿಸಿ. ದೊಡ್ಡ ಮಕ್ಕಳು ಎಲೆಯ ಬಣ್ಣದ ಬಗ್ಗೆ ಕೇಳಿಯೇ ಕೇಳುತ್ತಾರೆ. ಹಳದಿ ಮೊದಲಿಂದಲೂ ಎಲೆಯಲ್ಲಿರುತ್ತದೆ, ಹಸಿರು ಹೋದ ಮೇಲೆ ಕಾಣುತ್ತದೆ. ಮೇಪಲ್‌ನ ಕೆಂಪು ಮಾತ್ರ ಎಲೆ ಉದುರುವ ಈ ಕಾಲದಲ್ಲೇ ಹೊಸದಾಗಿ ತಯಾರಾಗುತ್ತದೆ. ಇದನ್ನು ಕೇಳಿ ನನ್ನ ಮಗಳು ಒಂದೊಂದೇ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕೂತಳು.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್! ರಟ್ಟು ಸಿಕ್ಕಿತು, ಮನೆ ಬರೆಯುತ್ತಿದ್ದೇವೆ.