ಹಂಪಿಯಲ್ಲಿ ಕೂತು ಇಂಕ್‌ನಲ್ಲಿ ಚಿತ್ರ ಬಿಡಿಸೋದಕ್ಕೆ ಯಾವ ಪೆನ್, ಯಾವ ಇಂಕ್?

ಮಸಿಕುಡಿಕೆ: ಮುಂದಿನ ತಿಂಗಳು ಸ್ಕೆಚ್‌ಬುಕ್ ಹಿಡಿದು ಹಂಪಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಫೌಂಟನ್ ಪೆನ್ನಲ್ಲಿ ಗೀಚಿ ಮೇಲೆ ವಾಟರ್‌ಕಲರ್ ಹಚ್ಚಿದರೆ ಗೆರೆಯೆಲ್ಲ ಹರಡುತ್ತದೆ. ಬೇರೆ ಇಂಕ್ ಬೇಕಾ? ಇನ್ನೊಂದು, ಆ ಬಂಡೆಗಳನ್ನು ಎಲ್ಲಿಂದ ಶುರು ಮಾಡೋದು ಅಂತಲೇ ತಿಳಿಯುತ್ತಿಲ್ಲ.

ಗೀರುಗೆರೆ: ಬರೆಯೋ ಇಂಕ್ ಬಹುಪಾಲು ಡೈ ಇಂಕ್, ನೀರು ತಾಗಿದರೆ ಕರಗುತ್ತದೆ. ಫೌಂಟನ್ ಪೆನ್‌ಗೆ ಅಂತಲೇ ಮಾಡಿದ ಪಿಗ್ಮೆಂಟ್ ಇಂಕ್ (ನೀರಲ್ಲಿ ಕರಗದ ಬಣ್ಣದ ಪುಡಿ ಇರೋದು) ತಗೊಳ್ಳಿ, ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್ ಥರದ್ದು. ಚೆನ್ನಾಗಿ ಒಣಗಿದ ಮೇಲೆ ಹರಡುವುದಿಲ್ಲ. ಆದರೆ ಪೆನ್ನನ್ನು ವಾರಗಟ್ಟಲೆ ಸುಮ್ನೆ ಬಿಡಬೇಡಿ, ಒಳಗೇ ಒಣಗಿ ಕಟ್ಟಿಕೊಳ್ಳುತ್ತದೆ. ‘ಇಂಡಿಯನ್ ಇಂಕ್’ ಅನ್ನೋ ಕಪ್ಪು ಡ್ರಾಯಿಂಗ್ ಇಂಕ್‌ನಲ್ಲಿ ಎಷ್ಟೋ ಸಲ ಅರಗು ಇರುತ್ತದೆ, ಅದು ಅದ್ದಿ ಬರೆಯೋ ನಿಬ್‌ಗೆ ಮಾತ್ರ. ಹಾಳೆ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆದರೂ ಇರಲಿ, ತೆಳುವಾದರೆ ನೀರಿಗೆ ಸುಕ್ಕಾಗುತ್ತದೆ.

ಬಂಡೆನೆರಳು: ಒಂದೊಂದು ಬಂಡೆಗೂ ಸುತ್ತ ಗೆರೆ ಎಳೆಯೋಕೆ ಹೋದರೆ ಆಲೂಗಡ್ಡೆ ರಾಶಿ ಆಗುತ್ತದೆ 😀 ಮೊದಲು ನೆರಳು ಹಿಡಿಯಿರಿ, ಎರಡು ಬಂಡೆ ತಾಗೋ ಸಂದಿಯಲ್ಲಿ ಕಪ್ಪು ತುಂಬಿ, ಬಿಸಿಲು ಬಿದ್ದ ಮೇಲ್ಭಾಗಕ್ಕೆ ಪೆನ್ನೇ ತಾಗಿಸಬೇಡಿ, ಹೊರಗೆರೆ ಅಲ್ಲಲ್ಲಿ ತುಂಡಾದರೂ ಕಣ್ಣು ಜೋಡಿಸಿಕೊಳ್ಳುತ್ತದೆ. ಹೇಮಕೂಟ ಗುಡ್ಡದ ಮೇಲೆ ಬೆಳಿಗ್ಗೆ ಬೇಗ ಕೂತರೆ ಒಳ್ಳೆಯದು, ಕೆಳಗೆ ವಿರೂಪಾಕ್ಷ ಗುಡಿಯ ಗೋಪುರ ಕಾಣುತ್ತದೆ. ಮಧ್ಯಾಹ್ನ ಬಂಡೆಯ ನೆರಳೂ ಸಿಗುವುದಿಲ್ಲ, ಬಿಳಿ ಹಾಳೆ ಕಣ್ಣಿಗೆ ಹೊಡೆಯುತ್ತದೆ. ಕೋತಿ ಜಾಸ್ತಿ, ಬ್ಯಾಗಲ್ಲಿ ಬಾಳೆಹಣ್ಣು ಇಡಬೇಡಿ.

ಮಸಿಕುಡಿಕೆ: ಗೋಪುರದ ಗೊಂಬೆಗಳನ್ನೆಲ್ಲ ಬಿಡಿಸಬೇಕಾ?

ಬಂಡೆನೆರಳು: ಬೇಡ್ವೇ ಬೇಡ. ಅಂತಸ್ತು ಸರಿಯಾಗಿ ಎಣಿಸಿ, ನಡುವಿನ ಕಿಂಡಿಗಳಿಗೆ ಕಪ್ಪು ಹಾಕಿ, ಸಾಕು.