ಪ್ರಸಂಗ ಪ್ರತಿ ಸಲ 45 ನಿಮಿಷ ದಾಟ್ತಿದೆ, ಕಮ್ಮಿ ಮಾಡೋದು ಹೆಂಗೆ?

ನಾಲೆ ಪಕ್ಕದವ್ನು

ಎಲ್ರಿಗೂ ನಮಸ್ಕಾರ. ಮಂಡ್ಯ ಹತ್ರ ನಮ್ಮದೊಂದು ಚಿಕ್ಕ ಕ್ರೈಸ್ತ ಸಭೆ (ಚರ್ಚು), ಅಯ್ಯನವರು, ಅಂದ್ರೆ ಪಾದ್ರಿಗಳು, ಮೂರು ಊರು ನೋಡ್ಕೋಬೇಕು, ಹಂಗಾಗಿ ತಿಂಗಳಿಗೊಂದು ಭಾನುವಾರ ಪ್ರಸಂಗ ನನ್ ತಲೆಗೆ ಬಿದ್ದಿದೆ. ಇಪ್ಪತ್ತು ನಿಮಿಷ ಅಂತ ಅನ್ಕೊಂಡು ನಿಂತ್ಕೋತೀನಿ, 45 ಆಗುತ್ತೆ. ಮೊನ್ನೆ ಯೇಸು ಹೇಳಿದ ಒಳ್ಳೇ ಸಮಾರ್ಯದವನ ಕತೆ: ಕಳ್ಳರು ಹೊಡೆದು ದಾರೀಲಿ ಬಿಟ್ಟೋದ ಒಬ್ಬನ್ನ ಯಾಜಕನೂ ಲೇವಿಯನೂ ನೋಡ್ಕೊಂಡೇ ಹೋಗ್ತಾರೆ, ಸಮಾರ್ಯದವ್ನು ಕಾಪಾಡ್ತಾನೆ. ಯೆರೂಸಲೇಮಿಂದ ಯೆರಿಕೋಗೆ ಇಳಿಯೋ ದಾರಿ ಹೆಂಗಿತ್ತು, ಲೇವಿಯರು (ದೇವಾಲಯದ ಸೇವೆ ಮಾಡ್ತಿದ್ದವ್ರು) ಅಂದ್ರೆ ಯಾರು, ಸಮಾರ್ಯದವ್ರಿಗೂ ಯೆಹೂದ್ಯರಿಗೂ ಯಾಕೆ ಆಗ್ತಿರ್ಲಿಲ್ಲ, ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಯಾಕೆ ಹಾಕ್ತಿದ್ರು, ಎಲ್ಲಾ ಓದ್ಕೊಂಡು ಹೋಗಿದ್ದೆ, ಎಲ್ಲಾ ಹೇಳ್ದೆ. ಒಬ್ಬಮ್ಮ ಮಗು ಅಳ್ತಿದೆ ಅಂತ ಎದ್ದು ಹೋದವ್ರು ವಾಪಸ್ ಬರ್ಲೇ ಇಲ್ಲ (ಮಗು ಅಳ್ತಾನೇ ಇರ್ಲಿಲ್ಲ).

ಮನೇಗೆ ಬಂದು ಅಮ್ಮನ್ನ ಕೇಳ್ದೆ, ಏನ್ ನೆನಪಿದೆ ಅಂತ. "ಬೈಕಿಂದ ಬಿದ್ದಿದ್ದ ಹುಡುಗನ್ನ ಎಳನೀರಿನವ್ನು ಆಟೋಲಿ ಹಾಕ್ಕೊಂಡು ಹೋದ್ನಲ್ಲ, ಅದು ಚೆನ್ನಾಗಿತ್ತು ಕಣಪ್ಪ" ಅಂದ್ರು. ಅದನ್ನ ಹೇಳಿದ್ದು ಎರಡೇ ನಿಮಿಷ, ಅದೂ ಕೊನೇಲಿ.

ಬರೆಯಕ್ಕೆ ಕೂತ್ರೂ ಇದೇ ಹಣೆಬರ. ತಾತನ ಆಲೆಮನೆ ಬಗ್ಗೆ ಎಂಟು ಪುಟ ಬರ್ದಿದೀನಿ, ಮೂರನೇ ಪುಟ ಮುಗಿದ್ರೂ ತಾತ ಬಂದಿಲ್ಲ. ಕನ್ನಂಬಾಡಿ ಕಟ್ಟೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಮೈಷುಗರ್ ಶುರುವಾಗಿದ್ದು, ಅದೇ ನಡೀತಿದೆ. ಏನ್ ಮಾಡ್ಲಿ?

ಸರಸ್ವತಿಪುರಂ ಮೇಡಂ

ಬೈಬಲ್ಲಲ್ಲಿ ಲೂಕನ ಸುವಾರ್ತೆ 10ನೇ ಅಧ್ಯಾಯ ತೆಗೆದು ನೋಡಿ ಸರ್. ಆ ಕತೆ 30ರಿಂದ 35, ಆರೇ ವಚನ. ದಾರಿ ಹೆಂಗಿತ್ತು ಅಂತ ಒಂದು ಮಾತೂ ಇಲ್ಲ, ಲೇವಿಯ ಯಾರು ಅಂತ ಯೇಸು ಬಿಡಿಸಿ ಹೇಳೋದೂ ಇಲ್ಲ, ಯಾಕಂದ್ರೆ ಕೂತು ಕೇಳ್ತಿದ್ದವ್ರಿಗೆ ಗೊತ್ತಿತ್ತು. ನಿಮ್ಮವ್ರಿಗೆ ಗೊತ್ತಿಲ್ಲ, ಅದು ಸರಿ, ಆದ್ರೆ ನೀವು ಹೇಳಿದ ನಾಲ್ಕರಲ್ಲಿ ಅವ್ರಿಗೆ ಬೇಕಾಗಿದ್ದು ಒಂದೇ: ಸಮಾರ್ಯದವ್ರನ್ನ ಕಂಡ್ರೆ ಯೆಹೂದ್ಯರಿಗೆ ಆಗ್ತಿರ್ಲಿಲ್ಲ ಅನ್ನೋದು. ಅದು ಗೊತ್ತಾಗ್ದೆ ಹೋದ್ರೆ ಯಾರೋ ಒಬ್ಬ ಒಳ್ಳೆಯವ್ನು ಸಹಾಯ ಮಾಡ್ದ ಅಂತ ಕತೆ ಸಪ್ಪೆ ಆಗೋಗುತ್ತೆ. ಎಣ್ಣೆ ವಿಷ್ಯ ಬಿಟ್ಟಿದ್ರೆ ಯಾರಿಗೂ ಏನೂ ನಷ್ಟ ಇರ್ಲಿಲ್ಲ.

ಅಂದ ಹಾಗೆ ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಪಾದ್ರಿಗಳಿಗೆ ಹೇಳಿದ್ರು, ಪ್ರಬೋಧನೆ ಎಂಟು ನಿಮಿಷ ಮೀರ್ಬಾರ್ದು, ಜನ ನಿದ್ದೆ ಮಾಡ್ತಾರೆ ಅಂತ. ನಿಮ್ಮ ಸಭೆ ಬೇರೆ ಇರ್ಬೋದು, ನಿದ್ದೆ ಅದೇ ಅಲ್ವಾ.

ಬೆಲ್ಲದಚ್ಚು

ಅಣ್ಣೋ ಆಲೆಮನೆ ಮೊಮ್ಮಗನಾಗಿ ನೀನೇ ಹಿಂಗಂದ್ರೆ ಹೆಂಗೆ. ನೂರು ಕೆಜಿ ಕಬ್ಬು ಅರುದ್ರೆ ಬೆಲ್ಲ ಸಿಕ್ಕದು ಹೆಚ್ಚೂಕಮ್ಮಿ ಹತ್ತು ಕೆಜಿ. ಮಿಕ್ಕಿದ್ದು ನೀರು ಆವಿ ಆಯ್ತದೆ, ಸಿಪ್ಪೆ ಒಣಗ್ಸಿ ಒಲೆಗೆ ಹಾಕ್ತರೆ. ನಿಮ್ ತಾತ ಸಿಪ್ಪೆನೂ ಅಚ್ಚಿಗೆ ತುಂಬ್ತಿದ್ರಾ? ಹಂಗಂತ ಸಿಪ್ಪೆ ದಂಡ ಅಲ್ಲ, ಕೊಪ್ಪರಿಗೆ ಕೆಳಗೆ ಉರಿಯದು ಅದೇಯ. ನೀನು ಓದ್ಕೊಂಡಿದ್ದೂ ಹಂಗೇ, ಒಲೆ ಒಳಗೆ ಉರೀತಿರ್ಲಿ, ನಮ್ ತಟ್ಟೆಗೆ ಹಾಕ್ಬ್ಯಾಡ. ಇನ್ನೊಂದು, ಎಂಟು ನಿಮ್ಷ ಅಂತ ಗಡಿಯಾರ ನೋಡ್ಕೊಂಡು ಕುದುಸ್ಬ್ಯಾಡ, ಹದ ಮೀರುದ್ರೆ ತಳ ಹಿಡಿತದೆ. ನಮ್ಮೂರ್ನಾಗೆ ರಾತ್ರಿಯೆಲ್ಲಾ ನಾಟಕ ನೋಡಿ ಬೆಳಿಗ್ಗೆ ಹಾಲು ಕರಿಯೋ ಜನ ಅವ್ರೆ, ಉದ್ದ ಅಂತ ಯಾರೂ ಎದ್ದೋಗಲ್ಲ, ಬೇಜಾರಾದ್ರೆ ಹೋಯ್ತರೆ.

ಶ್ರಾವಣದ ಮೈಕು

ನಾನು ಶ್ರಾವಣದಲ್ಲಿ ಮಠದಲ್ಲಿ ಪ್ರವಚನ ಮಾಡೋನು. ನಿಮ್ಮದೇ ಕಾಯಿಲೆ ಇತ್ತು. ಒಂದ್ಸಲ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಮೈಸೂರಿಂದ ಬರೋ ಟ್ರೈನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ದೆ. "ಕೊನೆಯದಾಗಿ ಒಂದು ಮಾತು" ಅಂತ ನಾಲ್ಕು ಸಲ ಅಂದಿದೀನಿ. ಪಾಂಡವಪುರ ಬರೋಷ್ಟೊತ್ತಿಗೆ ಆಫ್ ಮಾಡ್ದೆ, ನನ್ ಮಾತು ನನಗೇ ಕೇಳಕ್ಕಾಗ್ಲಿಲ್ಲ. ಆವತ್ತಿಂದ ಮೊದಲ ವಾಕ್ಯ ಮತ್ತೆ ಕೊನೇ ವಾಕ್ಯ ಎರಡನ್ನೂ ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ, ಮಧ್ಯ ಹೆಂಗೋ ಆಗುತ್ತೆ. ಎಲ್ಲಿ ಇಳೀಬೇಕು ಅಂತ ಗೊತ್ತಿಲ್ದೆ ಬಸ್ ಹತ್ತೋದೇ ನಮ್ ತೊಂದ್ರೆ.

ನಾಲೆ ಪಕ್ಕದವ್ನು

ಲೇಟಾಗಿ ಬಂದೆ, ಸಾರಿ. ಈ ಭಾನುವಾರ 17 ನಿಮಿಷ. ಶುರುಮಾಡಿದ್ದೇ ನಮ್ ಪಕ್ಕದ ಬೀದೀಲಿ ನಡೆದ ಒಂದು ಜಗಳದಿಂದ, ಆಮೇಲೆ ವಚನ ಓದ್ದೆ, ಲೇವಿಯರ ಸುದ್ದಿಗೇ ಹೋಗ್ಲಿಲ್ಲ. ಯಾರೂ ಎದ್ದು ಹೋಗ್ಲಿಲ್ಲ. ಆದ್ರೆ ಹೊರಗೆ ಬಂದ್ಮೇಲೆ ಹಿರಿಯರೊಬ್ರು ಕೈ ಹಿಡ್ಕೊಂಡು "ಯಾಕ್ ಮಗ, ಮೈ ಹುಷಾರಿಲ್ವ?" ಅಂದ್ರು.

ಆಲೆಮನೆ ಎರಡು ಪುಟಕ್ಕೆ ಬಂದಿದೆ. ತಾತ ಕುದಿಯೋ ಪಾಕನ ಒಂದು ಚೊಂಬು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಹದ ನೋಡೋ ಕಡೆಯಿಂದ್ಲೇ ಶುರು. ಮೈಷುಗರ್ ಪ್ಯಾರಾ ಮಾತ್ರ ತೆಗೆಯಕ್ಕೆ ಮನಸ್ಸು ಬರ್ತಿಲ್ಲ, ಎರಡು ದಿನ ಹುಡುಕಿ ಬರ್ದಿದ್ದು.

ಬೆಲ್ಲದಚ್ಚು

ಒಲೆಗಾಕಣ್ಣ.