ಸಹಾಯ ಬೇಕು: ಗೇಮ್ ಕಂಟ್ರೋಲರಿನ ಎಡ ಸ್ಟಿಕ್ ಡ್ರಿಫ್ಟ್ (ತಾನಾಗಿ ಸರಿಯುವುದು), ಕ್ಲೀನ್ ಮಾಡಿದರೂ ಹೋಗುತ್ತಿಲ್ಲ

ನಮಸ್ಕಾರ. ಸ್ಟಿಕ್ ಮುಟ್ಟದಿದ್ದರೂ ವೈ ಆಕ್ಸಿಸ್ (ಮೇಲೆ-ಕೆಳಗೆ) 0 ಬದಲು 0.12 ತೋರಿಸುತ್ತದೆ, ಎಕ್ಸ್ ಸರಿಯಿದೆ. ಡೆಡ್‌ಝೋನ್ (ಸ್ಟಿಕ್ಕಿನ ಸಣ್ಣ ಚಲನೆಯನ್ನು ಲೆಕ್ಕಿಸದ ವಲಯ) 15% ಇಟ್ಟರೆ ನಿಲ್ಲುತ್ತದೆ, ಆದರೆ ಸೂಕ್ಷ್ಮವಾಗಿ ಗುರಿ ಹಿಡಿಯಲು ಆಗುವುದಿಲ್ಲ. ಬ್ಯಾಟರಿ ಕಳಚಿ 99% ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು, ಸ್ಟಿಕ್ ತಿರುಗಿಸಿ ಒಣಗಿಸಿದ್ದೇನೆ. ಎರಡು ದಿನ ಸರಿ, ಮತ್ತೆ ಅದೇ ಕಥೆ.

ಸೆನ್ಸರ್ ಮುಚ್ಚಳ ಬಿಚ್ಚಿದರೆ ಕಪ್ಪು ಕಾರ್ಬನ್ ಪಟ್ಟಿಯ ನಟ್ಟನಡುವೆ ಕೂದಲೆಳೆಯಷ್ಟು ಹೊಳೆಯುವ ಗೀರು. ಇದು ಧೂಳಲ್ಲ, ಸವೆತವೇ. ದಯವಿಟ್ಟು ಮತ್ತೆ ಕ್ಲೀನ್ ಮಾಡಲು ಹೇಳಬೇಡಿ.

ಇಡೀ ಸ್ಟಿಕ್ ಮಾಡ್ಯೂಲ್ ಬದಲಿಸಲು 14 ಪಿನ್ ಬಿಡಿಸಬೇಕು. ಗ್ರೌಂಡ್ ಪಿನ್ನುಗಳ ಶಾಖವನ್ನು ಬೋರ್ಡಿನ ತಾಮ್ರವೇ ಎಳೆದುಕೊಳ್ಳುವುದರಿಂದ ಸೋಲ್ಡರ್ ಕರಗುತ್ತಿಲ್ಲ. ಬಲವಂತ ಮಾಡಿದರೆ ಪ್ಯಾಡ್ (ಪಿನ್ ಬೆಸೆದಿರುವ ಬೋರ್ಡಿನ ತಾಮ್ರದ ಬಿಲ್ಲೆ) ಕಿತ್ತು ಬರುವ ಭಯ. 60 ವ್ಯಾಟ್ ಐರನ್, ಫ್ಲಕ್ಸ್, 63/37 (ತವರ/ಸೀಸ) ಸೋಲ್ಡರ್ ಇದೆ. ಹಳೆ ಸೋಲ್ಡರ್ ತೆಗೆಯಲು ಅದನ್ನು ಹೀರುವ ತಾಮ್ರದ ಬ್ರೇಡ್ ಸಾಕೇ, ಎಳೆಯುವ ಪಂಪೇ ಬೇಕೇ? ಹಾಲ್ ಎಫೆಕ್ಟ್ ಮಾಡ್ಯೂಲ್ (ಉಜ್ಜದೆ ಅಯಸ್ಕಾಂತದಿಂದ ಸ್ಥಾನ ಅಳೆಯುವಂಥದ್ದು) ಹಾಕಿದವರು ಸೆಂಟರ್ ಕ್ಯಾಲಿಬ್ರೇಶನ್ (ಮುಟ್ಟದಿದ್ದಾಗ 0 ಬರುವಂತೆ ಹೊಂದಿಸುವುದು) ಹೇಗೆ ಮಾಡಿದಿರಿ, ತಿಳಿಸಿ.